ಪೈಪಿನ ಬಾಯಿ ಅಗಲಿಸುವಾಗ ಯಾವ ಎಣ್ಣೆ ಹಚ್ಚಬೇಕು? ಎಸಿ ಫ್ಲೇರ್ ಸೋರಿಕೆಯ ದೋಷ ನಿವಾರಣೆ ಕೈಪಿಡಿ

ಏಪ್ರಿಲ್ ಬಂದರೆ ಸಾಕು, ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಎಸಿ ಮೆಕ್ಯಾನಿಕ್‌ಗಳಿಗೆ ಒಂದೇ ಥರದ ಫೋನು. "ಹೋದ ವರ್ಷ ಗ್ಯಾಸ್ ತುಂಬಿಸೀವ್ರಿ, ಮತ್ತ ತಂಪ ಆಗವಲ್ದು. ಬಂದು ಒಂದಿಷ್ಟು ಗ್ಯಾಸ್ ಹಾಕ್ರಿ." ಬಂದವರು ಗ್ಯಾಸ್ ಹಾಕುತ್ತಾರೆ, ದುಡ್ಡು ತಗೊಳ್ಳುತ್ತಾರೆ. ಮುಂದಿನ ಏಪ್ರಿಲ್‌ಗೆ ಮತ್ತೆ ಅದೇ ಫೋನು.

ಎಸಿಯೊಳಗಿನ ಗ್ಯಾಸ್ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಪೈಪಿನಲ್ಲಿ ಸುತ್ತುತ್ತಾ ಇರುತ್ತದೆ. ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರಿದೆ. ಸ್ಪ್ಲಿಟ್ ಎಸಿಯಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಫ್ಲೇರ್ ನಟ್ಟುಗಳ ಮೇಲೆ. ಸಾಮಾನ್ಯವಾಗಿ ಒಳಗಿನ ಯೂನಿಟ್‌ನಲ್ಲಿ ಎರಡು, ಹೊರಗಿನ ಯೂನಿಟ್‌ನಲ್ಲಿ ಎರಡು. ಯಂತ್ರದ ಉಳಿದ ಜೋಡಣೆಯೆಲ್ಲ ಕಾರ್ಖಾನೆಯಲ್ಲಿ ಆಗಿರುತ್ತದೆ. ಈ ನಾಲ್ಕು ಮಾತ್ರ ಮನೆಯಲ್ಲಿ, ತಾರಸಿ ಮೇಲೆ, ಬಿಸಿಲಲ್ಲಿ ನಿಂತು ಕೈಯಿಂದ ಮಾಡಿದ್ದು.

ಫ್ಲೇರ್ ಅಂದರೆ ತಾಮ್ರದ ಪೈಪಿನ ಬಾಯನ್ನು 45 ಡಿಗ್ರಿ ಕೋನಕ್ಕೆ ಅಗಲಿಸಿ, ಹಿತ್ತಾಳೆ ನಟ್ಟಿನಿಂದ ಯೂನಿಯನ್ನಿಗೆ, ಅಂದರೆ ಯಂತ್ರದ ಕಡೆಯ ಥ್ರೆಡ್ ಇರುವ ಬಾಯಿಗೆ, ಒತ್ತಿ ಕೂಡಿಸುವುದು. ನಡುವೆ ವಾಷರ್ ಇಲ್ಲ, ರಬ್ಬರ್ ಇಲ್ಲ. ಲೋಹಕ್ಕೆ ಲೋಹ ಕೂತೇ ಗ್ಯಾಸ್ ತಡೆಯಬೇಕು. ಹಾಗಾಗಿ ಅಗಲಿಸುವಾಗ ಕೋನಿಗೆ, ಅಂದರೆ ಪೈಪಿನ ಬಾಯೊಳಗೆ ತಿರುಗುವ ಟೂಲಿನ ಚೂಪು ಮೊನೆಗೆ, ಏನು ಹಚ್ಚಿದಿರಿ ಅನ್ನುವುದು ಸಣ್ಣ ವಿಷಯ ಅಲ್ಲ. ಕೆಲಸ ಕಲಿಯುವ ಹುಡುಗರು ಕೇಳುತ್ತಾರೆ: "ಅಣ್ಣಾ, ಯಾವ ಎಣ್ಣೆ ಹಚ್ಚಿದ್ರೆ ಕೋನು ನುಣ್ಣಗೆ ತಿರುಗತೈತಿ?" ನುಣ್ಣಗೆ ತಿರುಗಿಸೋಕೆ ಕೊಬ್ಬರಿ ಎಣ್ಣೆಯೂ ಸಾಕು, ಗ್ರೀಸೂ ಸಾಕು. ಕೇಳಬೇಕಾದದ್ದು ಬೇರೆ. ಕೆಲಸ ಮುಗಿದ ಮೇಲೆ ಆ ಎಣ್ಣೆ ಎಲ್ಲಿಗೆ ಹೋಗುತ್ತದೆ? ಫ್ಲೇರಿನ ಒಳಗೆ ಹಚ್ಚಿದ್ದು ಗ್ಯಾಸಿನ ಜೊತೆ ಕಂಪ್ರೆಸರ್‌ಗೆ ಹೋಗುತ್ತದೆ. ಬ್ರೇಜಿಂಗ್ ಮಾಡುವ, ಅಂದರೆ ಬೆಂಕಿಯಲ್ಲಿ ರಾಡ್ ಕರಗಿಸಿ ಬೆಸೆಯುವ, ಬಾಯಿಗೆ ಹಚ್ಚಿದ್ದು ಬೆಂಕಿಗೆ ಸಿಗುತ್ತದೆ. ಪೈಪಿನ ಹೊರಮೈಗೆ ಹತ್ತಿದ್ದು, ಅಗಲಿಸುವಾಗ ಪೈಪ್ ಹಿಡಿದಿಡುವ ಕ್ಲ್ಯಾಂಪಿನ ಹಿಡಿತ ತಪ್ಪಿಸುತ್ತದೆ. ಥ್ರೆಡ್ಡಿಗೆ ಹತ್ತಿದ್ದು ನಟ್ಟು ಅಳತೆ ಮೀರಿ ಬಿಗಿಯಾಗುವ ಹಾಗೆ ಮಾಡುತ್ತದೆ. ಎಣ್ಣೆ ಆರಿಸುವಾಗ ಈ ನಾಲ್ಕೂ ಜಾಗ ತಲೆಯಲ್ಲಿರಬೇಕು.

ಮೊದಲು ನೋಡಿ, ಆಮೇಲೆ ಪಾನಾ ಹಿಡಿಯಿರಿ

ಹೋದ ಕೂಡಲೇ ನಟ್ಟು ಬಿಗಿ ಮಾಡಬೇಡಿ. ಬಿಗಿ ಮಾಡಿದರೆ ಸೋರಿಕೆ ಸ್ವಲ್ಪ ದಿನ ನಿಲ್ಲಬಹುದು, ಆದರೆ ಕಾರಣದ ಗುರುತು ಅಳಿಸಿಹೋಗುತ್ತದೆ.

ಗ್ಯಾಸ್ ಸೋರುವಾಗ ಅದರ ಜೊತೆ ಕಂಪ್ರೆಸರ್ ಆಯಿಲ್ ಕೂಡ ಸ್ವಲ್ಪ ಸ್ವಲ್ಪ ಹೊರಗೆ ಬರುತ್ತದೆ. ಆ ಜಿಡ್ಡಿಗೆ ದೂಳು ಅಂಟುತ್ತದೆ. ನಮ್ಮ ಕಡೆ ದೂಳಿಗೆ ಬರ ಇಲ್ಲ. ಸಂಡೂರು ರಸ್ತೆ ಪಕ್ಕದ ಮನೆಗಳಲ್ಲಿ ಅದಿರಿನ ಕೆಂಪು ದೂಳು, ಶಕ್ತಿನಗರದ ಕಡೆ ಬೂದಿ, ಗಂಗಾವತಿ ರೈಸ್ ಮಿಲ್ಲುಗಳ ಹತ್ತಿರ ಹೊಟ್ಟಿನ ಕಪ್ಪು ಮಸಿ. ಒಂದು ನಟ್ಟಿನ ಸುತ್ತ ಮಾತ್ರ ದೂಳು ಒದ್ದೆಯಾಗಿ ಕೆಸರಿನ ಹಾಗೆ ಕಟ್ಟಿದ್ದರೆ ಅಲ್ಲಿ ಸೋರಿಕೆ ಇರುವ ಸಾಧ್ಯತೆ ಜಾಸ್ತಿ. ಆದರೆ ಹಿಂದಿನವರು ನಟ್ಟಿನ ಹೊರಗೆಲ್ಲ ಎಣ್ಣೆ ಸುರಿದಿದ್ದರೆ ಸೋರದ ನಟ್ಟೂ ಹೀಗೇ ಕಾಣುತ್ತದೆ. ಫಿಟಿಂಗ್ ಆದಮೇಲೆ ಹೊರಗಿನ ಎಣ್ಣೆಯನ್ನು ಪೂರ್ತಿ ಒರೆಸಿ ಅಂತ ಹೇಳುವುದು ಇದಕ್ಕೇ. ಮುಂದೆ ನೋಡುವವರಿಗೆ ಗುರುತು ಸುಳ್ಳು ಹೇಳಬಾರದು.

ನಂತರ ಸೋಪಿನ ನೊರೆ. ಯಂತ್ರದಲ್ಲಿ ಒತ್ತಡ ಇನ್ನೂ ಇದ್ದರೆ ಹಾಗೇ ಹಚ್ಚಿ ನೋಡಬಹುದು. ಗುಳ್ಳೆ ನಿಧಾನವಾಗಿ ಊದುತ್ತದೆ, ಆತುರ ಬೇಡ. ಗ್ಯಾಸ್ ಪೂರ್ತಿ ಹೋಗಿದ್ದರೆ ಒಣ ನೈಟ್ರೋಜನ್ ತುಂಬಿ ನೋಡಬೇಕು. ಎಷ್ಟು ಒತ್ತಡ ಅನ್ನುವುದಕ್ಕೆ ಯಂತ್ರದ ಫಲಕದಲ್ಲಿ ಬರೆದಿರುವ ಮಿತಿಯೇ ಮಿತಿ. ನೈಟ್ರೋಜನ್ ಸಿಗಲಿಲ್ಲ ಅಂತ ವೆಲ್ಡಿಂಗ್ ಆಕ್ಸಿಜನ್ ಸಿಲಿಂಡರ್ ಹಚ್ಚುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒತ್ತಡದ ಆಕ್ಸಿಜನ್ ಎಣ್ಣೆಗೆ ತಾಗಿದರೆ ಕಿಡಿಯೂ ಬೇಕಿಲ್ಲ, ಸಿಡಿಯುತ್ತದೆ. ಜೀವ ಹೋಗುವ ಕೆಲಸ ಅದು.

ನೈಟ್ರೋಜನ್ ತುಂಬಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಗೇಜ್ ಇಳಿದಿರುತ್ತದೆ. ಇಳಿದದ್ದೆಲ್ಲ ಸೋರಿಕೆ ಅಲ್ಲ. ಮಧ್ಯಾಹ್ನ 40 ಡಿಗ್ರಿಯಲ್ಲಿ ಗೇಜ್ 30 ಬಾರ್ ತೋರಿಸುತ್ತಿತ್ತು ಅನ್ನಿ. ಬೆಳಗಿನ ಜಾವ 26 ಡಿಗ್ರಿಗೆ ಬಂದಾಗ ಸೋರದಿದ್ದರೂ ಅದು 28.6 ಬಾರ್ ಹತ್ತಿರ ನಿಲ್ಲುತ್ತದೆ. ಗ್ಯಾಸ್ ತಣ್ಣಗಾಗಿ ಒತ್ತಡ ಇಳಿದದ್ದು ಅಷ್ಟೇ. ರಾಯಚೂರಿನ ಬೇಸಿಗೆಯಲ್ಲಿ ಹಗಲಿಗೂ ರಾತ್ರಿಗೂ ಇಷ್ಟು ಅಂತರ ಸಾಮಾನ್ಯ. ಹಾಗಾಗಿ ಒತ್ತಡದ ಜೊತೆ ತಾಪಮಾನವನ್ನೂ ಬರೆದಿಟ್ಟುಕೊಳ್ಳಿ.

ಯಾವ ನಟ್ಟು ಅಂತ ಗೊತ್ತಾದ ಮೇಲೆ ಉಳಿದ ಗ್ಯಾಸನ್ನು ರಿಕವರಿ ಯಂತ್ರದಿಂದ ಸಿಲಿಂಡರಿಗೆ ತೆಗೆದು, ಆಮೇಲೆ ಬಿಚ್ಚಿ. ಸೋರುತ್ತಿರುವ ಯಂತ್ರದಲ್ಲಿ ಪಂಪ್ ಡೌನ್, ಅಂದರೆ ಕಂಪ್ರೆಸರ್ ಓಡಿಸಿ ಗ್ಯಾಸನ್ನೆಲ್ಲ ಹೊರಗಿನ ಯೂನಿಟ್ಟಿಗೆ ಎಳೆದುಕೊಳ್ಳುವುದು, ಮಾಡಬಾರದು. ಸೋರುವ ಜಾಗದಿಂದ ಗಾಳಿ ಒಳಗೆ ಎಳೆದುಕೊಂಡು ಕಂಪ್ರೆಸರ್ ಸಿಡಿಯುವ ಅಪಾಯ ಇದೆ. ಆರ್32 ನಿಧಾನವಾಗಿ ಹತ್ತಿಕೊಳ್ಳುವ ಗ್ಯಾಸ್, ಆರ್290 ಅಂದರೆ ಪ್ರೊಪೇನೇ. ಹತ್ತಿರ ಬೀಡಿ, ಬೆಸುಗೆಯ ಟಾರ್ಚ್ ಯಾವುದೂ ಬೇಡ. ಕಿಟಕಿ ಬಾಗಿಲು ತೆಗೆದಿರಲಿ.

ಬಿಚ್ಚಿದ ಫ್ಲೇರ್ ಏನು ಹೇಳುತ್ತದೆ

ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು, ಸಾಧ್ಯವಾದರೆ ಭೂತಗನ್ನಡಿಯಲ್ಲಿ ನೋಡಿ. ಯೂನಿಯನ್ನಿನ ಮುಖವನ್ನೂ ನೋಡಿ. ಅಲ್ಲಿ ಗೀರು ಬಿದ್ದಿದ್ದರೆ ಫ್ಲೇರ್ ಎಷ್ಟು ಚೆನ್ನಾಗಿದ್ದರೂ ಸೋರುತ್ತದೆ.

ಒಳಮುಖದಲ್ಲಿ ಸುತ್ತು ಸುತ್ತಾಗಿ ಗೀರುಗಳಿದ್ದು, ಕೋನಿನ ತುದಿಗೆ ತಾಮ್ರ ಮೆತ್ತಿಕೊಂಡಿದ್ದರೆ ಅದು ಒಣ ಕೋನಿನಿಂದ ಎಳೆದ ಫ್ಲೇರ್. ಎಣ್ಣೆ ಇಲ್ಲದೆ ಅಥವಾ ದೂಳಿನ ಎಣ್ಣೆಯಿಂದ ಮಾಡಿದ್ದು. ಎಣ್ಣೆ ನೇರವಾಗಿ ಸರಿಮಾಡುವ ದೋಷ ಇದೊಂದೇ. ಮೆತ್ತಿದ ತಾಮ್ರವನ್ನು ಕೋನಿನಿಂದ ಪೂರ್ತಿ ತೆಗೆಯದೆ ಮುಂದಿನ ಫ್ಲೇರ್ ಮಾಡಿದರೆ, ಎಣ್ಣೆ ಎಷ್ಟು ಹಾಕಿದರೂ ಮತ್ತೆ ಗೀರು ಬೀಳುತ್ತದೆ. ಹಳೆಯ ಬಗೆಯ ಟೂಲಿನಲ್ಲಿ ಕೋನು ಪೈಪಿನ ಮೇಲೆ ಉಜ್ಜಿಕೊಂಡೇ ತಿರುಗುತ್ತದೆ, ಅಲ್ಲಿ ಎಣ್ಣೆ ಬೇಕೇ ಬೇಕು. ಕ್ಲಚ್ ಇರುವ ಓರೆ ಕೋನಿನ ಟೂಲಿನಲ್ಲಿ ಕೋನು ಉರುಳುತ್ತಾ ತಾಮ್ರವನ್ನು ಒತ್ತುತ್ತದೆ. ಅದಕ್ಕೆ ಒಂದು ಹನಿ ಸಾಕು.

ಅಂಚಿನಿಂದ ಒಳಕ್ಕೆ ಉದ್ದುದ್ದ ಸೀಳಿದ್ದರೆ ಎಣ್ಣೆಯನ್ನು ಬೈಯುವ ಮೊದಲು ಪೈಪ್ ನೋಡಿ. ಗಟ್ಟಿ ಪೈಪ್ ಇರಬಹುದು. ಒಂದೇ ಬಾಯನ್ನು ಎರಡು ಮೂರು ಸಲ ಅಗಲಿಸಿರಬಹುದು. ತಾಮ್ರವನ್ನು ಬಗ್ಗಿಸಿದಷ್ಟೂ, ಬಡಿದಷ್ಟೂ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಹಿಗ್ಗುವುದಿಲ್ಲ, ಸೀಳುತ್ತದೆ. ಇನ್ನೊಂದು ಕಾರಣ, ಕಟ್ಟರಿನಿಂದ ಕತ್ತರಿಸಿದಾಗ ಒಳಗೆ ಏಳುವ ಅಂಚಿನ ಮುಳ್ಳನ್ನು ರೀಮರಿನಿಂದ ತೆಗೆಯದೇ ಇರುವುದು. ಸೀಳು ಅಲ್ಲಿಂದಲೇ ಶುರುವಾಗುತ್ತದೆ. ರೀಮರ್ ಹಾಕುವಾಗ ಪೈಪಿನ ಬಾಯಿ ಕೆಳಕ್ಕೆ ಇರಲಿ, ಚೂರು ಒಳಗೆ ಬೀಳಬಾರದು.

ಈಚೆಗೆ ಕಡಿಮೆ ಬೆಲೆಯ ಕಿಟ್‌ಗಳಲ್ಲಿ ತಾಮ್ರದ ಬಣ್ಣದ ಅಲ್ಯೂಮಿನಿಯಂ ಪೈಪ್ ಕೂಡ ಬರುತ್ತಿದೆ. ಒಂದು ತುದಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದಕ್ಕೆ ತಾಮ್ರದ ಲೆಕ್ಕ ನಡೆಯುವುದಿಲ್ಲ.

ಅಂಚು ಕಾಗದದಷ್ಟು ತೆಳ್ಳಗಾಗಿದ್ದರೆ ಕೋನನ್ನು ಅತಿಯಾಗಿ ಬಿಗಿ ಮಾಡಿದ್ದಾರೆ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು ಇದ್ದರೆ ಪೈಪ್ ಓರೆ ಕತ್ತರಿಸಿದೆ ಅಥವಾ ಕ್ಲ್ಯಾಂಪಿನಲ್ಲಿ ನೆಟ್ಟಗೆ ಕೂತಿರಲಿಲ್ಲ. ಫ್ಲೇರ್ ಪೂರ್ತಿ ಚಿಕ್ಕದಾಗಿದ್ದು ಪೈಪಿನ ಹೊರಮೈಯಲ್ಲಿ ಜಾರಿದ ಗುರುತಿದ್ದರೆ, ಕ್ಲ್ಯಾಂಪ್ ಬಿಟ್ಟುಕೊಟ್ಟಿದೆ. ಇದಕ್ಕೆ ಬಹಳ ಸಲ ಎಣ್ಣೆಯ ಕೈಯೇ ಕಾರಣ. ಕ್ಲ್ಯಾಂಪ್ ಮತ್ತು ಪೈಪಿನ ಹೊರಮೈ ಪೂರ್ತಿ ಒಣಗಿರಬೇಕು. ಅಗಲಿಸುವಾಗ ಎಣ್ಣೆ ಬೇಕಾದದ್ದು ಕೋನಿಗೆ ಮಾತ್ರ.

ಆರ್32 ಮತ್ತು ಆರ್410ಎ ಎಂಬ ಹೊಸ ಗ್ಯಾಸುಗಳ ಯಂತ್ರಗಳಿಗೆ ಕಾಲಿಂಚು ಪೈಪಿನ ಫ್ಲೇರ್ ಹೊರ ಅಗಲ 8.7ರಿಂದ 9.1 ಮಿ.ಮೀ., ಮುಕ್ಕಾಲಿನ ಅರ್ಧ ಅಂದರೆ 9.52 ಮಿ.ಮೀ. ಪೈಪಿಗೆ 12.8ರಿಂದ 13.2, ಅರ್ಧ ಇಂಚಿಗೆ 16.2ರಿಂದ 16.6, ಐದು ಸೂತು ಅಂದರೆ 15.88 ಮಿ.ಮೀ. ಪೈಪಿಗೆ 19.3ರಿಂದ 19.7 ಮಿ.ಮೀ. ವರ್ನಿಯರ್ ಹಿಡಿದು ಅಳೆಯಿರಿ. ಈ ಅಳತೆ ಬರಬೇಕಾದರೆ ಪೈಪ್ ಕ್ಲ್ಯಾಂಪಿನಿಂದ ಎಷ್ಟು ಮೇಲೆ ನಿಲ್ಲಬೇಕು ಅನ್ನುವುದು ಟೂಲಿನ ಮೇಲೆ ಹೋಗುತ್ತದೆ. ಹೊಸ ಗ್ಯಾಸಿಗೆಂದೇ ಬಂದ ಕ್ಲಚ್ ಟೂಲಿಗೆ 0ಯಿಂದ 0.5 ಮಿ.ಮೀ., ಹಳೆಯ ಕ್ಲಚ್ ಟೂಲಿಗೆ 1.0ರಿಂದ 1.5 ಮಿ.ಮೀ.

ಅಳತೆಯಲ್ಲಿ ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ ಒತ್ತಡ. ಒಳಗಿನ ಗ್ಯಾಸ್ 50 ಡಿಗ್ರಿಯಲ್ಲಿ ದ್ರವವಾಗುವಾಗ ಹಳೆಯ ಆರ್22ರ ಒತ್ತಡ ಸುಮಾರು 19 ಬಾರ್, ಆರ್32ರದು ಸುಮಾರು 31 ಬಾರ್. ಮೇ ತಿಂಗಳಲ್ಲಿ ನಮ್ಮ ತಾರಸಿ ಮೇಲೆ ನಿಂತ ಯೂನಿಟ್ಟಿಗೆ ಈ 50 ಡಿಗ್ರಿ ದೊಡ್ಡ ಮಾತಲ್ಲ. ಆರ್22 ಕಾಲದಲ್ಲಿ ಹೇಗೋ ನಡೆದುಹೋಗುತ್ತಿದ್ದ ಗೀರು ಬಿದ್ದ ಫ್ಲೇರ್ ಈಗ ನಡೆಯುವುದಿಲ್ಲ.

ಎಣ್ಣೆಯ ತಪ್ಪೋ, ಪೈಪಿನ ತಪ್ಪೋ?

ಇದನ್ನು ಊಹೆ ಮೇಲೆ ಬಿಡಬೇಡಿ. ಅದೇ ಸುರುಳಿಯಿಂದ ಗೇಣುದ್ದದ ಎರಡು ತುಂಡು ಪೈಪ್ ಕತ್ತರಿಸಿ. ಎರಡನ್ನೂ ಒಂದೇ ಥರ ರೀಮ್ ಮಾಡಿ. ಒಂದನ್ನು ಒಣ ಕೋನಿನಿಂದ, ಇನ್ನೊಂದನ್ನು ಸರಿಯಾದ ಎಣ್ಣೆ ಒಂದು ಹನಿ ಹಾಕಿ ಅಗಲಿಸಿ.

ಒಣಗಿದ್ದು ಗೀರು ಬಿದ್ದು, ಎಣ್ಣೆ ಹಾಕಿದ್ದು ಕನ್ನಡಿಯಂತೆ ಬಂದರೆ ಕೊರತೆ ಎಣ್ಣೆಯದೇ. ಎರಡೂ ಸೀಳಿದರೆ ಪೈಪ್ ಗಟ್ಟಿ ಇದೆ, ಎಣ್ಣೆ ಬದಲಿಸಿ ಪ್ರಯೋಜನ ಇಲ್ಲ. ಎರಡರಲ್ಲೂ ಒಂದೇ ಜಾಗದಲ್ಲಿ ಗೀರು ಬಂದರೆ ಕೋನಿನ ಮೇಲೆ ಗಾಯ ಇದೆ, ಉಗುರಿನಿಂದ ಸವರಿ ನೋಡಿ. ಎರಡೂ ಓರೆ ಬಂದರೆ ಟೂಲಿನ ಸ್ಕ್ರೂ ಸವೆದಿದೆ. ಹತ್ತು ನಿಮಿಷದ ಕೆಲಸ, ಆದರೆ ಇದನ್ನು ಮಾಡದೆ ಎಣ್ಣೆ ಮೇಲೆ ಎಣ್ಣೆ ಬದಲಿಸುತ್ತಾ ಕೂರುವವರೇ ಜಾಸ್ತಿ.

ಗಟ್ಟಿ ಪೈಪನ್ನು ಕೆಂಪಗೆ ಕಾಯಿಸಿದರೆ ಮೆತ್ತಗಾಗುತ್ತದೆ, ನಿಜ. ತಾಮ್ರ ಉಕ್ಕಿನ ಹಾಗಲ್ಲ, ನೀರಿಗೆ ಅದ್ದಿದರೂ ಗಟ್ಟಿಯಾಗುವುದಿಲ್ಲ. ಆದರೆ ನೈಟ್ರೋಜನ್ ಹರಿಸದೆ ಕಾಯಿಸಿದರೆ ಒಳಗೆ ಕಪ್ಪು ಹಕ್ಕಳೆ ಏಳುತ್ತದೆ. ಆ ಹಕ್ಕಳೆ ಫ್ಲೇರಿನ ಮುಖಕ್ಕೂ ಕೆಡುಕು, ಕ್ಯಾಪಿಲರಿ ಅನ್ನುವ ಸಣ್ಣ ತೂತಿನ ಪೈಪಿಗೂ ಕೆಡುಕು. ನನ್ನ ಮಾತು ಕೇಳಿದರೆ, ಆ ತುದಿ ಕತ್ತರಿಸಿ ಬಿಸಾಕಿ, ಮೆತ್ತನೆಯ ಹೊಸ ಪೈಪ್ ಹಾಕಿ.

ಯಾವ ಎಣ್ಣೆ?

ನಮ್ಮ ಕಡೆ ಕೈಗೆ ಸಿಕ್ಕಿದ್ದೆಲ್ಲ ಹಚ್ಚುವ ರೂಢಿ ಇದೆ. ಒಂದೊಂದಾಗಿ ನೋಡೋಣ.

ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲೇ ಗಡ್ಡೆ ಕಟ್ಟುತ್ತದೆ. ಒಳಗಿನ ಕಾಯಿಲ್ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಶೇಂಗಾ ಎಣ್ಣೆ, ಸೂರ್ಯಕಾಂತಿ ಎಣ್ಣೆ ಗಡ್ಡೆ ಕಟ್ಟದಿದ್ದರೂ ಕಂಪ್ರೆಸರ್ ಶಾಖಕ್ಕೆ ಅಂಟಾಗುತ್ತವೆ. ಅಡುಗೆ ಎಣ್ಣೆ ಯಾವುದೂ ಬೇಡ.

ಬೈಕಿನ ಇಂಜಿನ್ ಆಯಿಲ್ ಒಂದು ಹನಿ ಏನು ಮಾಡುತ್ತೆ ಅಂತ ಕೇಳುತ್ತಾರೆ. ಅದು ಸಾಮಾನ್ಯವಾಗಿ ಖನಿಜ ಎಣ್ಣೆ, ಜೊತೆಗೆ ಇಂಜಿನ್ನಿಗೆ ಬೇಕಾದ ರಾಸಾಯನಿಕಗಳು ಬೆರೆತಿರುತ್ತವೆ. ಆರ್32, ಆರ್410ಎ ಗ್ಯಾಸಿನ ಜೊತೆ ಖನಿಜ ಎಣ್ಣೆ ಬೆರೆಯುವುದಿಲ್ಲ. ಬೆರೆಯದ ಎಣ್ಣೆ ಕಂಪ್ರೆಸರಿಗೆ ವಾಪಸ್ ಬರದೆ ತಣ್ಣನೆಯ ಜಾಗದಲ್ಲಿ ಕೂರುತ್ತದೆ. ಹೊಸ ಗ್ಯಾಸಿನ ಯಂತ್ರಗಳ ಕೈಪಿಡಿಗಳಲ್ಲಿ ಫ್ಲೇರಿಗೆ ಖನಿಜ ಎಣ್ಣೆ ಹಚ್ಚಬೇಡಿ ಅಂತ ಬರೆದಿರುವುದು ಸುಮ್ನೆ ಅಲ್ಲ. ಹೊಲಿಗೆ ಯಂತ್ರದ ಎಣ್ಣೆಗೂ ಇದೇ ಮಾತು.

ಗ್ರೀಸ್ ಅಂದರೆ ಎಣ್ಣೆಯನ್ನು ಸೋಪಿನಂಥ ಪದಾರ್ಥದಿಂದ ಗಟ್ಟಿ ಮಾಡಿದ್ದು. ಎಣ್ಣೆ ಹರಿದುಹೋದರೂ ಆ ಗಟ್ಟಿ ಅಂಶ ಉಳಿದು, ಕ್ಯಾಪಿಲರಿಯ ಸಣ್ಣ ತೂತಿಗೆ ಹೋಗಿ ಕೂರುತ್ತದೆ. ಸೋರಿಕೆ ನಿಂತಿತು, ಆದರೆ ತಂಪು ಬರಲಿಲ್ಲ ಅನ್ನುವ ಕೇಸುಗಳಲ್ಲಿ ಇದನ್ನೂ ಅನುಮಾನಿಸಿ. ಡಬ್ಲ್ಯುಡಿ-40 ತುಕ್ಕು ಹಿಡಿದ ಬೋಲ್ಟ್ ಬಿಚ್ಚೋಕೆ ಒಳ್ಳೆಯದು, ಇಲ್ಲಿಗಲ್ಲ. ಸಿಲಿಕಾನ್ ಸ್ಪ್ರೇ ಹತ್ತಿದ ಜಾಗಕ್ಕೆ ಆಮೇಲೆ ಬ್ರೇಜಿಂಗ್ ಹಿಡಿಯುವುದೇ ಕಷ್ಟ.

ಸೋಪಿನ ನೀರು, ಎಂಜಲು: ಎರಡೂ ನೀರೇ. ಎಸಿಯ ಒಳಗೆ ನೀರಿಗಿಂತ ದೊಡ್ಡ ವೈರಿ ಇಲ್ಲ. ಟೆಫ್ಲಾನ್ ಟೇಪ್ ಸುತ್ತುವವರೂ ಇದ್ದಾರೆ. ಫ್ಲೇರಿನಲ್ಲಿ ಗ್ಯಾಸ್ ತಡೆಯುವುದು ಅಗಲಿಸಿದ ಮುಖ, ಥ್ರೆಡ್ ಅಲ್ಲ. ಟೇಪಿನ ಎಳೆ ಮುಖದ ನಡುವೆ ಸಿಕ್ಕಿಕೊಂಡರೆ ಅದೇ ಸೋರುವ ದಾರಿ.

ಹಾಗಾದರೆ ಹಚ್ಚಬೇಕಾದದ್ದು ಯಾವುದು? ಆ ಯಂತ್ರದ ಕಂಪ್ರೆಸರಿನಲ್ಲಿ ಇರುವ ಜಾತಿಯ ಎಣ್ಣೆಯನ್ನೇ. ಆರ್32, ಆರ್410ಎಗೆ ಅದು ಸಾಮಾನ್ಯವಾಗಿ ಪಿಒಇ, ಅಂದರೆ ಎಸ್ಟರ್ ಎಣ್ಣೆ. ಕೆಲವು ಕಂಪನಿಗಳು ಪಿವಿಇ ಅನ್ನುವ ಈಥರ್ ಎಣ್ಣೆ ಬಳಸುತ್ತವೆ. ಫ್ಲೇರಿಗೆ ಎಸ್ಟರ್ ಅಥವಾ ಈಥರ್ ಎಣ್ಣೆ ಹಚ್ಚಿ ಅಂತಲೇ ಅವರ ಕೈಪಿಡಿಯಲ್ಲಿರುತ್ತದೆ. ಹಳೆಯ ಆರ್22 ಯಂತ್ರಗಳಲ್ಲಿ ಖನಿಜ ಎಣ್ಣೆ ಇರುತ್ತದೆ, ಆದರೆ ಅಲ್ಲಿಗೂ ಪಿಒಇ ನಡೆಯುತ್ತದೆ. ಆದ್ದರಿಂದ ಬ್ಯಾಗಿನಲ್ಲಿ ಒಂದೇ ಎಣ್ಣೆ ಇಟ್ಟುಕೊಳ್ಳುವುದಾದರೆ ಪಿಒಇ ಇಟ್ಟುಕೊಳ್ಳಿ.

ಪಿಒಇಗೆ ಒಂದು ಕೆಟ್ಟ ಗುಣ ಇದೆ. ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ತೇವ ಸೇರಿದ ಪಿಒಇ ಶಾಖಕ್ಕೆ ಒಡೆದು ಆಮ್ಲ ಆಗುತ್ತದೆ, ಆ ಆಮ್ಲ ಕಂಪ್ರೆಸರಿನ ವೈಂಡಿಂಗನ್ನು, ಅಂದರೆ ಮೋಟಾರಿನ ತಂತಿ ಸುತ್ತನ್ನು, ತಿನ್ನುತ್ತದೆ. ಪ್ಲಾಸ್ಟಿಕ್ ಮೂಲಕವೂ ತೇವ ನುಸುಳುತ್ತದೆ, ಅದಕ್ಕೇ ಇದು ಲೋಹದ ಡಬ್ಬಿಯಲ್ಲಿ ಬರುತ್ತದೆ. ನೀರಿನ ಬಾಟಲಿಗೆ ಸುರಿದುಕೊಂಡು ವರ್ಷಗಟ್ಟಲೆ ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟುಕೊಂಡ ಪಿಒಇ, ಹೆಸರಿಗೆ ಮಾತ್ರ ಪಿಒಇ. ಚಿಕ್ಕ ಡಬ್ಬಿ ತಗೊಳ್ಳಿ, ತೆಗೆದ ತಾರೀಕು ಬರೆಯಿರಿ, ಮುಚ್ಚಳ ಗಟ್ಟಿಯಾಗಿ ಹಾಕಿ. ಕೈಗೆ ಗ್ಲೌಸ್ ಇರಲಿ, ಚರ್ಮಕ್ಕೆ ಉರಿ ಬರಿಸುತ್ತದೆ.

ಎಷ್ಟು ಹಚ್ಚಬೇಕು? ಕೋನಿನ ಮೇಲೆ ತೆಳುವಾದ ಒಂದು ಪೊರೆ. ಫ್ಲೇರ್ ಆದಮೇಲೆ ಒಳಮುಖ ಒರೆಸಿ, ತಾಮ್ರದ ಚೂರು ಇಲ್ಲ ಅಂತ ನೋಡಿ, ಯೂನಿಯನ್ನಿಗೆ ಕೂರಿಸುವ ಮೊದಲು ಹೊಸದಾಗಿ ಇನ್ನೊಂದು ಪೊರೆ. ಕೋನಿನ ಕೆಳಗಿದ್ದ ಎಣ್ಣೆಯಲ್ಲಿ ಸಣ್ಣ ಚೂರುಗಳು ತೇಲುತ್ತಿರುತ್ತವೆ, ಅದನ್ನೇ ಒಳಗೆ ಬಿಡಬೇಡಿ.

ಸ್ವೇಜ್ ಮಾಡುವಾಗ ಲೆಕ್ಕ ಬೇರೆ

ಎರಡು ಪೈಪ್ ಬೆಸೆಯಬೇಕಾದಾಗ ಒಂದರ ಕುತ್ತಿಗೆಯನ್ನು ಪಂಚ್ ಹೊಡೆದು ಅಥವಾ ಎಕ್ಸ್‌ಪ್ಯಾಂಡರಿನಿಂದ ಅಗಲಿಸಿ, ಇನ್ನೊಂದನ್ನು ಒಳಗೆ ತೂರಿಸುತ್ತೇವೆ. ಹೀಗೆ ಕುತ್ತಿಗೆ ಅಗಲಿಸುವುದೇ ಸ್ವೇಜ್. ಇಲ್ಲೂ ಒಣ ಪಂಚ್ ತಾಮ್ರವನ್ನು ಕಚ್ಚಿಕೊಳ್ಳುತ್ತದೆ, ಹೊರಗೆ ಬರುವಾಗ ಗೀರುತ್ತದೆ. ಪಂಚಿಗೆ ಎಣ್ಣೆ ಬೇಕು. ಆದರೆ ಫ್ಲೇರಿನಲ್ಲಿ ಉಳಿಯಬೇಕಾದ ಎಣ್ಣೆ ಇಲ್ಲಿ ಉಳಿಯಲೇಬಾರದು. ಉಳಿದರೆ ಟಾರ್ಚಿನ ಶಾಖಕ್ಕೆ ಸುಟ್ಟು ಕರಿಯಾಗುತ್ತದೆ. ಆ ಕರಿಯ ಮೇಲೆ ರಾಡ್ ಹರಿಯುವುದಿಲ್ಲ, ಸೂಜಿಮೊನೆಯಷ್ಟು ತೂತು ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಬೆಸುಗೆ ಚೆನ್ನಾಗೇ ಕಾಣುತ್ತದೆ.

ಅದಕ್ಕೇ ಪಂಚಿಗೆ ಒಂದು ಹನಿ ಪಿಒಇ ಸವರಿ, ಕೆಲಸ ಆದಮೇಲೆ ಒಳಮೈಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ. ಎಳೆ ಬಿಡುವ ಬಟ್ಟೆ ಬೇಡ. ಆಲ್ಕೋಹಾಲ್ ಪೂರ್ತಿ ಆರುವ ತನಕ ಟಾರ್ಚ್ ಹತ್ತಿಸಬೇಡಿ. ಬ್ರೇಜಿಂಗ್ ನಡೆಯುವಾಗ ಒಳಗೆ ನೈಟ್ರೋಜನ್ ಮೆಲ್ಲಗೆ ಹರಿಯುತ್ತಿರಲಿ. ತಾಮ್ರಕ್ಕೆ ತಾಮ್ರ ಆದರೆ ಫಾಸ್ಫರಸ್ ರಾಡಿಗೆ ಫ್ಲಕ್ಸ್ (ಬೆಸುಗೆ ಹಿಡಿಯಲು ಲೋಹದ ಮೈ ಶುಚಿ ಮಾಡುವ ಪದಾರ್ಥ) ಬೇಡ, ತಾಮ್ರಕ್ಕೆ ಹಿತ್ತಾಳೆ ಆದರೆ ಫ್ಲಕ್ಸ್ ಬೇಕೇ ಬೇಕು. ಎರಡು ಪೈಪಿನ ನಡುವಿನ ಸಂದು ಕಾಲು ಮಿಲಿಮೀಟರಿನಷ್ಟೂ ಇರಬಾರದು. 0.025ರಿಂದ 0.125 ಮಿ.ಮೀ. ಒಳಗಿದ್ದರೆ ರಾಡ್ ತಾನಾಗೇ ಒಳಕ್ಕೆ ಎಳೆದುಕೊಳ್ಳುತ್ತದೆ.

ನಟ್ಟೇ ಸೀಳಿದ್ದರೆ

ಕೆಲವು ಸಲ ಫ್ಲೇರ್ ಚೆನ್ನಾಗಿರುತ್ತದೆ, ಹಿತ್ತಾಳೆ ನಟ್ಟು ಸೀಳಿರುತ್ತದೆ. ಹಾಕಿದ ಸ್ವಲ್ಪ ದಿನದಲ್ಲೇ ಸೀಳಿ, ಥ್ರೆಡ್ ಹಿಗ್ಗಿದ್ದರೆ ಅತಿ ಬಿಗಿತ. ಆದರೆ ತಿಂಗಳುಗಟ್ಟಲೆ ಸುಮ್ಮನಿದ್ದು, ಆಕಾರ ಸ್ವಲ್ಪವೂ ಕೆಡದೆ, ಉದ್ದಕ್ಕೆ ಒಂದು ಗೆರೆ ಎಳೆದಂತೆ ಸೀಳಿದ್ದರೆ ಅಮೋನಿಯಾವನ್ನು ಅನುಮಾನಿಸಿ. ದನದ ಕೊಟ್ಟಿಗೆ, ಕೋಳಿ ಫಾರಂ, ಮೂತ್ರಾಲಯದ ಕಿಟಕಿ ಹತ್ತಿರದ ಯೂನಿಟ್ಟುಗಳಲ್ಲಿ ಇದು ಆಗುತ್ತದೆ.

ಈ ದೋಷವನ್ನು ಜಗತ್ತು ಮೊದಲು ಗಮನಿಸಿದ್ದು ನಮ್ಮ ದೇಶದಲ್ಲೇ. ಬ್ರಿಟಿಷ್ ಸೈನ್ಯದವರು ಮಳೆಗಾಲದಲ್ಲಿ ಗುಂಡುಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು. ಮಳೆ ಮುಗಿದ ಮೇಲೆ ನೋಡಿದರೆ ಹಿತ್ತಾಳೆ ತೋಟಾಗಳು ಸೀಳಿರುತ್ತಿದ್ದವು. ಅದೂ ಹೆಚ್ಚಾಗಿ ಗುಂಡನ್ನು ಬಿಗಿದು ಹಿಡಿದ ಕುತ್ತಿಗೆಯ ಹತ್ತಿರ. ಕಾರಣ ತಿಳಿದದ್ದು 1921ರಲ್ಲಿ. ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ಅದನ್ನು ಬಿಡಿಸಿ ಹೇಳಿದರು. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ಜೊತೆಗೆ ತಣ್ಣಗೇ ಎಳೆದು ರೂಪಿಸಿದ ಹಿತ್ತಾಳೆಯಲ್ಲಿ ಉಳಿದುಕೊಂಡ ಬಿಗುವು, ಎರಡೂ ಸೇರಿದಾಗ ಸೀಳು. ಒಂದೇ ಇದ್ದರೆ ಆಗುವುದಿಲ್ಲ. ನಮ್ಮ ನಟ್ಟಿಗೂ ಇದೇ ಲೆಕ್ಕ. ಅಮೋನಿಯಾ ತಪ್ಪಿಸೋಕೆ ಆಗದ ಕಡೆ ಬಿಗುವನ್ನಾದರೂ ಅಳತೆಯಲ್ಲಿಡಬೇಕು. ಸೋರಿಕೆ ನೋಡುವ ನೊರೆಯಲ್ಲೂ ಅಮೋನಿಯಾ ಇರಬಾರದು. ನೋಡಿದ ಮೇಲೆ ನೀರಿನಿಂದ ತೊಳೆದು ಒರೆಸಿ. ಹಾಗೇ, ಕೋಲ್ಡ್ ಸ್ಟೋರೇಜಿನ ಅಮೋನಿಯಾ ಪ್ಲಾಂಟಿಗೆ ತಾಮ್ರ, ಹಿತ್ತಾಳೆಯ ಫಿಟಿಂಗ್ ಒಯ್ಯಬೇಡಿ. ಅಲ್ಲಿ ಎಲ್ಲ ಉಕ್ಕು.

ಬಿಗಿ ಮಾಡುವುದು, ಪರೀಕ್ಷಿಸುವುದು

ಥ್ರೆಡ್ಡಿಗೆ ಎಣ್ಣೆ ಹಚ್ಚಬೇಕೋ ಬೇಡವೋ ಅಂತ ಮೆಕ್ಯಾನಿಕ್‌ಗಳಲ್ಲಿ ಯಾವಾಗಲೂ ವಾದ ಇದೆ. ಆ ಯಂತ್ರದ ಕೈಪಿಡಿ ಹೇಳಿದ್ದೇ ಕೊನೆಯ ಮಾತು. ಕೈಪಿಡಿ ಸಿಗದಿದ್ದರೆ ಫ್ಲೇರಿನ ಒಳಮುಖಕ್ಕೆ ಮಾತ್ರ ಹಚ್ಚಿ, ಥ್ರೆಡ್ ಒಣಗಿರಲಿ. ಟಾರ್ಕ್ ವ್ರೆಂಚಿನ, ಅಂದರೆ ಬಿಗಿತ ಅಳೆಯುವ ಪಾನಾದ, ಅಂಕಿ ಒಣ ಥ್ರೆಡ್ಡಿನ ತಿಕ್ಕಾಟವನ್ನೂ ಸೇರಿಸಿ ಇಟ್ಟದ್ದಾಗಿದ್ದರೆ, ಎಣ್ಣೆ ಹಚ್ಚಿದ ಥ್ರೆಡ್ಡಿನಲ್ಲಿ ಅದೇ ಅಂಕಿಗೆ ನಟ್ಟು ಇನ್ನೂ ಜಾಸ್ತಿ ಒಳಗೆ ಹೋಗುತ್ತದೆ. ಆಗ ಫ್ಲೇರ್ ತೆಳ್ಳಗಾಗುತ್ತದೆ, ನಟ್ಟಿಗೆ ಬಿಗುವು ಏರುತ್ತದೆ.

ಒಂದು ಕಂಪನಿಯಿಂದ ಇನ್ನೊಂದಕ್ಕೆ ಸ್ವಲ್ಪ ಹೆಚ್ಚು ಕಡಿಮೆ ಇದ್ದರೂ, ನಟ್ಟಿನ ಬಿಗಿತ ಕಾಲಿಂಚಿಗೆ 14ರಿಂದ 17 ನ್ಯೂಟನ್ ಮೀಟರ್, 9.52 ಮಿ.ಮೀ. ಪೈಪಿಗೆ 33ರಿಂದ 40, ಅರ್ಧ ಇಂಚಿಗೆ 50ರಿಂದ 60, 15.88ಕ್ಕೆ 62ರಿಂದ 75. ಮೊದಲು ಕೈಯಿಂದ ಪೂರ್ತಿ ತಿರುಗಿಸಿ. ಕೈಯಲ್ಲೇ ಬಿಗಿಯಾಗಿ ನಿಂತರೆ ಥ್ರೆಡ್ ಅಡ್ಡ ಹತ್ತಿದೆ, ಬಿಚ್ಚಿ ಮತ್ತೆ ಹಾಕಿ. ಕೊನೆಗೆ ಎರಡು ಪಾನಾ ಹಿಡಿದು, ಒಂದರಿಂದ ಯೂನಿಯನ್ ತಡೆದು, ಇನ್ನೊಂದರಿಂದ ನಟ್ಟು ತಿರುಗಿಸಿ. ಒಂದೇ ಪಾನಾ ಹಿಡಿದರೆ ಪೈಪೇ ತಿರುಚಿಕೊಳ್ಳುತ್ತದೆ.

ಹೊರಗಿನ ಎಣ್ಣೆ ಒರೆಸಿ. ನೈಟ್ರೋಜನ್ ಹಾಕಿ ನೊರೆ ನೋಡಿ. ನಂತರ ವ್ಯಾಕ್ಯೂಮ್, ಅಂದರೆ ಒಳಗಿನ ಗಾಳಿ, ತೇವವನ್ನು ಪಂಪಿನಿಂದ ಎಳೆದು ತೆಗೆಯುವುದು. ಪಂಪ್ ಸುಮ್ನೆ ಅರ್ಧ ಗಂಟೆ ಓಡಿಸಿದರೆ ಆಗುವುದಿಲ್ಲ, ಒಳಗೆ ಉಳಿದ ಒತ್ತಡ ಅಳೆಯುವ ಮೈಕ್ರಾನ್ ಗೇಜ್ 500ಕ್ಕಿಂತ ಕೆಳಗೆ ತೋರಿಸಬೇಕು. ಅಲ್ಲಿಗೆ ಬಂದಮೇಲೆ ಪಂಪಿನ ವಾಲ್ವ್ ಮುಚ್ಚಿ ಗೇಜ್ ನೋಡುತ್ತಾ ನಿಲ್ಲಿ. ಅಂಕಿ ಸ್ವಲ್ಪ ಏರಿ ಒಂದು ಕಡೆ ನಿಂತುಬಿಟ್ಟರೆ ಒಳಗೆ ಇನ್ನೂ ತೇವ ಇದೆ, ಪಂಪ್ ಮತ್ತೆ ಓಡಿಸಿ. ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆ ಇನ್ನೂ ಉಳಿದಿದೆ. ಮೊದಲು ನಿಮ್ಮ ಹೋಸಿನ ವಾಷರ್ ನೋಡಿ, ಅದು ಸರಿ ಇದ್ದರೆ ಮತ್ತೆ ಫ್ಲೇರಿಗೆ ಬನ್ನಿ. ಗೇಜ್ 500ರ ಕೆಳಗೇ ನಿಂತರೆ ಮಾತ್ರ ಗ್ಯಾಸನ್ನು ತೂಕ ಮಾಡಿ, ಫಲಕದಲ್ಲಿ ಬರೆದಷ್ಟೇ ತುಂಬಿ.